ದೊಡ್ಡಮನೆ ಅಂದರೆ ಅಮೆರಿಕ

ನಡೆದದ್ದು ಇಷ್ಟೇ. ಮಿಲ್ಲಿನ ಕಾಕ ಬೈದದ್ದು ಅಮೆರಿಕವನ್ನು, ನಾಟಿದ್ದು ನಮ್ಮೂರಿನ ದೊಡ್ಡಮನೆ ಸಾಹುಕಾರರಿಗೆ. ತಪ್ಪು ಯಾರದ್ದು ಎಂದು ಜನ ಇವತ್ತಿಗೂ ಮಾತಾಡುತ್ತಾರೆ. ನನ್ನನ್ನು ಕೇಳಿದರೆ ತಪ್ಪು ಕರೆಂಟಿನದ್ದು. ಅದು ಒಂದು ಉಸಿರು ತಡೆದು ಹೋಗಿದ್ದರೆ ಏನೂ ಆಗುತ್ತಿರಲಿಲ್ಲ.

ಮೊನ್ನೆ ಭಾನುವಾರ ಕಾಕ ಮಿಲ್ಲನ್ನು ಹಿರಿಮಗಳ ಕೈಗೆ ಕೊಟ್ಟು, ಕಣ್ಣೂರಿನಲ್ಲಿರುವ ಕಿರಿಮಗಳ ಮನೆಗೆ ಹೋದರು. ಸತ್ತಿಲ್ಲ. ಮೊಣಕಾಲು ಹೋಗಿದೆ, ಅಷ್ಟೆ. ಒಬ್ಬರ ಬಗ್ಗೆ ಬರೆಯಬೇಕಾದರೆ ಅವರು ಸಾಯಲೇಬೇಕೆಂದು ಕಾನೂನಿಲ್ಲ. ಸತ್ತವರ ಬಗ್ಗೆ ಒಳ್ಳೆಯದನ್ನು ಮಾತ್ರ ಬರೆಯಬೇಕಾಗುತ್ತದೆ. ಅದು ನನ್ನ ಕೈಲಾಗುವ ಕೆಲಸವಲ್ಲ.

ಸುಂಟಿಕೊಪ್ಪದಿಂದ ಚೆಟ್ಟಳ್ಳಿ ಕಡೆಗೆ ಹೋಗುವ ರಸ್ತೆಯ ಬದಿಯಲ್ಲಿ, ದೊಡ್ಡಮನೆ ಎಸ್ಟೇಟಿನ ಅಂಚಿಗೆ, ತಗಡಿನ ಶೆಡ್ಡೊಂದಿದೆ. ಅದೇ ಹಿಟ್ಟಿನ ಮಿಲ್ಲು. ಒಳಗೆ ಮೆಷಿನ್ನು, ಹೊರಗೆ ಒಂದು ಉದ್ದ ಬೆಂಚು. ಬಂದವರು ಡಬ್ಬವನ್ನು ಸಾಲಿನಲ್ಲಿಟ್ಟು ಬೆಂಚಿನ ಮೇಲೆ ಕೂರಬೇಕು. ಮಂಗಳವಾರ ಮೆಣಸಿನಪುಡಿ, ಅವತ್ತು ಎಲ್ಲರೂ ಸೀನುವುದೇ ಕೆಲಸ. ನನ್ನದು ಗುರುವಾರ. ನಾನು ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಪ್ರಪಂಚದಲ್ಲಿ ಎಷ್ಟು ದೇಶಗಳಿವೆ, ಯಾವುದಕ್ಕೆ ಯಾವುದನ್ನು ಕಂಡರಾಗುವುದಿಲ್ಲ ಎಂಬುದನ್ನು ಆ ಬೆಂಚಿನ ಮೇಲೆ ಕಲಿತೆ.

ಕಾಕ ನೋಡಲು ಏನೂ ಚೆಂದವಿರಲಿಲ್ಲ. ಹುಬ್ಬು, ರೆಪ್ಪೆ, ಕಿವಿಯ ಕೂದಲು ಎಲ್ಲ ಹಿಟ್ಟು. ನಲವತ್ತರಲ್ಲೇ ಎಪ್ಪತ್ತರವರ ಹಾಗೆ ಕಾಣುತ್ತಿದ್ದರು. ಎಪ್ಪತ್ತಾದಾಗಲೂ ಹಾಗೇ ಇದ್ದರು. ಹಾಗಾಗಿ ಅವರಿಗೆ ವಯಸ್ಸಾದದ್ದು ನಮಗೆ ಗೊತ್ತೇ ಆಗಲಿಲ್ಲ. ಬೀಳುವ ಹಿಟ್ಟನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಉಜ್ಜಿ ನೋಡಿ, "ಅಕ್ಕಿ ಇನ್ನೂ ಹಸಿ ಉಂಟು, ನಿಮಗೆ ಎಂತ ಅವಸರ ಅಕ್ಕ?" ಎಂದು ಬೈಯುತ್ತಿದ್ದರು. ಅದು ಮಾತ್ರ ಯಾವತ್ತೂ ಸರಿ ಹೇಳುತ್ತಿದ್ದರು.

ಉಳಿದದ್ದರಲ್ಲಿ ಅರ್ಧ ತಪ್ಪು. ಕಾಕ ಆಗುತ್ತದೆ ಎಂದ ಯುದ್ಧಗಳು ಆಗಲಿಲ್ಲ, ಆದ ಯುದ್ಧಗಳನ್ನು ಅವರು ಹೇಳಿರಲಿಲ್ಲ. ಅದಕ್ಕೆ ಅವರಿಗೆ ನಾಚಿಕೆಯೂ ಇರಲಿಲ್ಲ. "ಮಳೆ ಬರ್ತದೆ ಅಂತ ರೇಡಿಯೋದವರು ಹೇಳ್ತಾರೆ, ಬರೋದಿಲ್ಲ. ಅವರ ಕೆಲಸ ಹೋಗ್ತದಾ? ನನ್ನದು ಯಾಕೆ ಹೋಗಬೇಕು?" ಎನ್ನುತ್ತಿದ್ದರು.

ಅವರಿಗೆ ಈ ಹುಚ್ಚು ಹಿಡಿದದ್ದು ಗಲ್ಫಿನಲ್ಲಿ. ಹರೆಯದಲ್ಲಿ ಹೋಗಿ, ಮರಳುಗಾಡಿನ ನಡುವೆ ಅಮೆರಿಕದ ಸೈನಿಕರ ಕ್ಯಾಂಪಿನಲ್ಲಿ ಪಾತ್ರೆ ತೊಳೆಯುತ್ತಿದ್ದರಂತೆ. "ಒಂದು ದೇಶದ ಯೋಗ್ಯತೆ ಗೊತ್ತಾಗಬೇಕಾದ್ರೆ ಅದರ ಎಂಜಲು ಪಾತ್ರೆ ತೊಳೀಬೇಕು ಅಕ್ಕ" ಎಂದು ಅವರ ವಾದ. ಕುಡಿಯುವ ನೀರಿಗೆ ಲಾರಿ ಕಾಯುವ ಜಾಗದಲ್ಲಿ ಆ ಸೈನಿಕರಿಗೆ ಬಣ್ಣಬಣ್ಣದ ಐಸ್‌ಕ್ರೀಮು ವಿಮಾನದಲ್ಲಿ ಬರುತ್ತಿತ್ತಂತೆ. ಅರ್ಧ ತಿಂದು ಅರ್ಧ ಎಸೆಯುತ್ತಿದ್ದರಂತೆ.

"ಕೆಟ್ಟವರಾ ಅವರು?" ಎಂದು ಒಮ್ಮೆ ಕೇಳಿದೆ.

"ಛೇ, ಒಳ್ಳೆ ಮಕ್ಕಳು. ನನ್ನ ಕೈಯಿಂದ ಪಾತ್ರೆ ಕಿತ್ತುಕೊಂಡು ತಾವೇ ಉಜ್ಜಿದವರೂ ಉಂಟು. ಆದ್ರೆ ಇಲ್ಲಿಗೆ ಯಾಕೆ ಬಂದಿರಿ ಮೋನೇ ಅಂತ ಕೇಳಿದ್ರೆ ಅವಕ್ಕೇ ಗೊತ್ತಿಲ್ಲ!"

ಅಲ್ಲಿ ಆ ದೇಶದ ಹೆಸರೆತ್ತಿದರೆ ಪಕ್ಕದಲ್ಲಿದ್ದವರು ತಿರುಗಿ ನೋಡುತ್ತಿದ್ದರು. ಅದಕ್ಕೆ ಪಾತ್ರೆ ತೊಳೆಯುವವರೆಲ್ಲ ಸೇರಿ ಮಲಯಾಳದಲ್ಲಿ ಒಂದು ಗುಟ್ಟಿನ ಹೆಸರಿಟ್ಟಿದ್ದರು: ವಲಿಯ ವೀಡ್. ಊರಿಗೆ ಬಂದ ಮೇಲೆ ಕಾಕ ಅದನ್ನೇ ಕನ್ನಡ ಮಾಡಿದರು. ದೊಡ್ಡಮನೆ.

ಈಗ, ನಮ್ಮೂರಿನಲ್ಲಿ ನಿಜವಾದ ದೊಡ್ಡಮನೆ ಒಂದಿದೆಯಲ್ಲ! ಎಸ್ಟೇಟಿನ ಬಂಗಲೆಗೆ ಅಜ್ಜನ ಕಾಲದಿಂದಲೂ ಅದೇ ಹೆಸರು. ಗೊಂದಲ ಆಗಬಾರದೆಂದು ಕಾಕ ಒಂದು ಕಟ್ಟು ಮಾಡಿದ್ದರು. ಸಾಹುಕಾರರದ್ದಾದರೆ "ನಮ್ಮ ದೊಡ್ಡಮನೆ". ಬರೀ "ದೊಡ್ಡಮನೆ" ಅಂದರೆ ಅಮೆರಿಕ. ಬೆಂಚಿನಲ್ಲಿ ಕೂರುವ ನಮಗೆಲ್ಲ ಇದು ಅಕ್ಕಿ ರಾಗಿಯ ವ್ಯತ್ಯಾಸದಷ್ಟು ಸಲೀಸು. ದಾರಿಯಲ್ಲಿ ಹೋಗುವವರಿಗೆ ಹೇಗೆ ಗೊತ್ತಾಗಬೇಕು? ಅದೂ ಆ ಮೆಷಿನ್ನಿನ ಗದ್ದಲದಲ್ಲಿ? ಕಾಕ ಕಿರುಚಿ ಹೇಳಿದರೂ ನಮಗೆ ಕೇಳುತ್ತಿದ್ದದ್ದು ಅರ್ಧ. ಉಳಿದರ್ಧವನ್ನು ನಾವೇ ಸೇರಿಸಿಕೊಳ್ಳುತ್ತಿದ್ದೆವು.

ಅವರಿಂದ ಕಲಿತ ಇನ್ನೊಂದು ಮಾತು ವೀಟೋ. ನಮ್ಮ ದೊಡ್ಡಮನೆಯ ಡಬ್ಬಕ್ಕೆ ಸಾಲಿಲ್ಲ. ಸಾಹುಕಾರರ ಡ್ರೈವರ್ ಜೀಪಿನಲ್ಲಿ ತಂದು ಎಲ್ಲರ ಡಬ್ಬದ ಮುಂದಿಡುವುದು, ಕಾಕ ಅದನ್ನೇ ಮೊದಲು ಸುರಿಯುವುದು, ಹಿಂದಿನಿಂದ ಬಂದ ಪದ್ಧತಿ. ಜೀಪು ತಿರುಗುವುದು ಕಂಡರೆ ಕಾಕ ಮೆಲ್ಲಗೆ, "ವೀಟೋ ಬಂತು" ಎನ್ನುತ್ತಿದ್ದರು. ದೊಡ್ಡ ದೇಶಗಳೆಲ್ಲ ಒಂದು ಕಡೆ ಕೂತು ಮಾತಾಡುತ್ತವಂತೆ; ಅಲ್ಲಿ ಎಲ್ಲರೂ ಹೂಂ ಅಂದರೂ ಒಬ್ಬ ಊಹೂಂ ಅಂದರೆ ಮುಗಿಯಿತಂತೆ. ಅದಕ್ಕೆ ವೀಟೋ ಎಂದು ಹೆಸರು. ನಾವು ಅದನ್ನು ಊರಿಗೆಲ್ಲ ಹಂಚಿದೆವು. ಈಗ ನಮ್ಮ ಕಡೆ ಬಸ್ಸು ಹತ್ತುವಾಗ ಯಾರಾದರೂ ನುಗ್ಗಿದರೆ, "ಏ ವೀಟೋ, ಹಿಂದೆ ಬಾ" ಎಂದು ಬೈಯುತ್ತಾರೆ.

ಆ ವರ್ಷ ಹುತ್ತರಿ ಹತ್ತಿರ ಬಂದಿತ್ತು. ಹೊಸ ಅಕ್ಕಿಯ ಹಬ್ಬ. ಮಿಲ್ಲಿನ ಮುಂದೆ ಡಬ್ಬಗಳ ಸಾಲು ರಸ್ತೆಗೆ ಬಂದಿತ್ತು. ನಾನಿದ್ದೆ, ಪಕ್ಕದಲ್ಲಿ ಎಸ್ಟೇಟಿನ ಕೂಲಿಯವರ ಲೈನ್ ಮನೆಯ ಸೆಲ್ವಿ ಇದ್ದಳು. ಜೀಪು ಬಂತು, ವೀಟೋ ಆಯಿತು. ಸಾಹುಕಾರರ ಅಕ್ಕಿ ಮೆಷಿನ್ನಿನ ಬಾಯಿಗೆ ಬಿತ್ತು. ಡ್ರೈವರ್ ಬಾಗಿಲಲ್ಲಿ ನಿಂತು ಬೀಡಿ ಕಚ್ಚಿಕೊಂಡು ಬೆಂಕಿಪೊಟ್ಟಣ ಹುಡುಕುತ್ತಿದ್ದ. ಕಾಕ ಸೆಲ್ವಿಗೆ ಆವತ್ತಿನ ಪೇಪರಿನ ಸುದ್ದಿ ಹೇಳುತ್ತಿದ್ದರು. ಅಮೆರಿಕ ಎಲ್ಲರ ಸಾಮಾನಿಗೂ ಸುಂಕ ಹಾಕಿದೆ, ಎಷ್ಟೋ ಕಾಲದಿಂದ ಜೊತೆಗಿದ್ದ ದೇಶಗಳನ್ನೂ ಬಿಟ್ಟಿಲ್ಲ ಎಂದು. ಮೆಷಿನ್ನು ಭೋರೆನ್ನುತ್ತಿತ್ತು. ಕಾಕ ಅದಕ್ಕಿಂತ ಭೋರೆನ್ನುತ್ತಿದ್ದರು.

ಕರೆಂಟು ಹೋಯಿತು. ಮೆಷಿನ್ನು ನಿಂತಿತು. ಕಾಕ ನಿಲ್ಲಲಿಲ್ಲ.

"...ಒಂದೊಂದಾಗಿ ಮಾರ್ತಾ ಇದ್ದಾರೆ! ಗೇಟು ಹಾಕಿಬಿಟ್ರೆ ಮರ್ಯಾದೆ ಉಳೀತದಾ? ಮುಗೀತು! ದೊಡ್ಡಮನೆ ಕಾಲ ಮುಗೀತು!"

ಅವರು ಹೇಳಿದ್ದು ಜೊತೆಗಿದ್ದ ದೇಶಗಳನ್ನು ಒಂದೊಂದಾಗಿ ಮಾರಿಕೊಳ್ಳುತ್ತಿದ್ದಾರೆ ಎಂದು. ಮೊದಲರ್ಧ ಮೆಷಿನ್ನು ತಿಂದಿತ್ತು. ಡ್ರೈವರ್ ಬಾಯಲ್ಲಿದ್ದ ಬೀಡಿ ಹಾಗೇ ನಿಂತಿತು. ಅವನು ಅರ್ಧ ಹಿಟ್ಟು ಅರ್ಧ ನುಚ್ಚಾಗಿದ್ದ ಡಬ್ಬವನ್ನು ಎತ್ತಿಕೊಂಡು ಜೀಪು ಹತ್ತಿದ.

ಸೆಲ್ವಿ ಹೇಳಿದಳು, "ಕಾಕಾ, ಇವನು ಹೋಗಿ ಸಾವ್ಕಾರ್ರ ಹತ್ತಿರ ಬತ್ತಿ ಇಡ್ತಾನೆ, ನೋಡಿ."

"ಅಮೆರಿಕದ ವಿಷಯಕ್ಕೆ ಇವನಿಗೆ ಎಂತ?"

"ಅವನಿಗೆ ಅಮೆರಿಕ ಅಂತ ಯಾರು ಹೇಳಿದ್ದು?"

ಸಂಜೆಗೆ ನಮ್ಮ ದೊಡ್ಡಮನೆಯಿಂದ ಮಾತು ಬಂತು. ಹುತ್ತರಿಯೊಳಗೆ ಶೆಡ್ಡು ಖಾಲಿಯಾಗಬೇಕು.

ಆ ಜಾಗ ನಮ್ಮ ದೊಡ್ಡಮನೆಯದ್ದು. ಈಗಿನ ಸಾಹುಕಾರರ ಅಪ್ಪ ಬಾಯಿಮಾತಿನಲ್ಲಿ ಕೊಟ್ಟದ್ದು, ಕಾಗದ ಪತ್ರ ಏನಿಲ್ಲ. ಮೆಷಿನ್ನನ್ನು ಸಿಮೆಂಟಿನಲ್ಲಿ ಹೂತಿದ್ದಾರೆ. ಕಿತ್ತರೆ ಗುಜರಿಗೆ ಹಾಕಬೇಕೇ ಹೊರತು ಇನ್ನೊಂದು ಕಡೆ ಕೂರುವುದಿಲ್ಲ. ಕಾಕನಿಗೆ ಬೇರೆ ದುಡಿಮೆ ಇಲ್ಲ. ನಾನು ಮರುದಿನ ಹೋದಾಗ ಅವರು ಬೆಂಚಿನ ಮೇಲೆ ಕೂತಿದ್ದರು. ಅವರು ಕೂತದ್ದನ್ನು ನಾನು ನೋಡಿದ್ದೇ ಅವತ್ತು ಮೊದಲು. ಮುಖ ತೊಳೆದಿದ್ದರು, ಹಿಟ್ಟಿಲ್ಲದ ಆ ಮುಖ ಯಾರದ್ದೋ ಅನಿಸಿತು.

"ಅಮೆರಿಕದ ಬಗ್ಗೆ ಹೇಳಿದ್ದು ಅಂದ್ರೆ ನಂಬ್ತಾರಾ ಅಕ್ಕ?"

"ನಂಬಲ್ಲ. ನಾನಾಗಿದ್ರೂ ನಂಬ್ತಿರಲಿಲ್ಲ. ಎದ್ದೇಳಿ, ಹೋಗೋಣ."

"ಎಲ್ಲಿಗೆ?"

"ದೊಡ್ಡಮನೆಗೆ. ಅಮೆರಿಕಕ್ಕಲ್ಲ, ನಮ್ಮದಕ್ಕೆ."

ಸೆಲ್ವಿಯೂ ಬಂದಳು. ಮೊದಲಾದರೆ ಎಸ್ಟೇಟಿನ ಒಳದಾರಿಯಲ್ಲಿ ಬಂಗಲೆ ಇಲ್ಲೇ. ಆದರೆ ಎರಡು ವರ್ಷದ ಹಿಂದೆ ಸಾಹುಕಾರರು ಯಾರ ಮೇಲೋ ಸಿಟ್ಟಾಗಿ ಒಳದಾರಿಗೆ ಗೇಟು ಹಾಕಿ ತಂತಿ ಬಿಗಿದಿದ್ದರು. ಅವತ್ತಿನಿಂದ ಊರಿನವರಿಗೆ ಸುತ್ತುದಾರಿ. ಊರಿನವರೂ ಸುಮ್ಮನಿರಲಿಲ್ಲ, ಮೊಟ್ಟೆ, ಬಾಳೆಗೊನೆ, ಸೊಪ್ಪು ಕೊಡಲು ಬಂಗಲೆಗೆ ಹೋಗುತ್ತಿದ್ದವರೆಲ್ಲ ನಿಲ್ಲಿಸಿದರು. ಸಾಹುಕಾರರ ಜೀಪು ಒಂದು ಕಟ್ಟು ಸೊಪ್ಪಿಗೂ ಸುಂಟಿಕೊಪ್ಪಕ್ಕೆ ಓಡಬೇಕಾಯಿತು. ಕಾಕ ಏದುಸಿರು ಬಿಡುತ್ತ ಏರು ಹತ್ತುವಾಗ, "ಇದೇ ಅಕ್ಕ ಸುಂಕ ಅಂದ್ರೆ. ಗೇಟು ಹಾಕಿದವನಿಗೂ ಸುತ್ತು" ಎಂದರು.

"ಕಾಕಾ, ಅಲ್ಲಿ ಹೋಗಿ ಬಾಯಿ ಬಿಡಬೇಡಿ. ಸಾಮಿ, ಕಾಲಿಗೆ ಬೀಳ್ತೀನಿ" ಎಂದಳು ಸೆಲ್ವಿ.

ಸಾಹುಕಾರರು ಜಗಲಿಯಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದರು. ಎತ್ತರದ ಆಳು, ದಪ್ಪ ಮೀಸೆ. ಒಂದು ಕಾಲದಲ್ಲಿ ಊರಿನ ಎಲ್ಲ ಜಗಳ ಆ ಜಗಲಿಯಲ್ಲೇ ಮುಗಿಯುತ್ತಿತ್ತು. ಬೇಲಿ ಜಗಳಕ್ಕೂ ಅವರೇ, ಮದುವೆ ಮಾತಿಗೂ ಅವರೇ. ಕರೆಯದಿದ್ದರೂ ಹೋಗುತ್ತಿದ್ದರು. ನಮ್ಮನ್ನು ಕೂರಿ ಎನ್ನಲಿಲ್ಲ.

"ಯಾರು ಹೇಳಿದ್ದು ನಿಂಗೆ?" ಎಂದರು ಕಾಕನಿಗೆ.

ನನಗೆ ಅಲ್ಲೇ ಅರ್ಥವಾಯಿತು. ಸುಳ್ಳು ಹಬ್ಬಿಸಿದವನನ್ನು ಯಾರೂ ಹಾಗೆ ಕೇಳುವುದಿಲ್ಲ. ಯಾಕೆ ಸುಳ್ಳು ಹೇಳಿದೆ ಎಂದು ಕೇಳುತ್ತಾರೆ. ಯಾರು ಹೇಳಿದ್ದು ಅಂದರೆ ವಿಷಯ ನಿಜ.

ಕಾಕನಿಗೆ ಅರ್ಥವಾಗಲಿಲ್ಲ. ಲೋಕದ ಗುಟ್ಟೆಲ್ಲ ಗೊತ್ತಿದ್ದವರಿಗೆ ಮುಂದೆ ನಿಂತವರ ಮುಖ ಓದಲು ಬರುತ್ತಿರಲಿಲ್ಲ.

"ಪೇಪರಲ್ಲಿ ಬಂದಿದೆ ಸಾವ್ಕಾರ್ರೇ" ಎಂದುಬಿಟ್ಟರು.

ಸಾಹುಕಾರರು ಎದ್ದು ನಿಂತರು. "ಪೇಪರಲ್ಲಿ ಬಂತಾ?"

"ಟೀವಿಯಲ್ಲೂ ಬರ್ತಾ ಉಂಟು. ದಿನಾ ಅದೇ."

ಎದ್ದವರು ಹಾಗೇ ಕೂತರು. ಜಗಲಿಯ ಕೆಳಗೆ ಮಲಗಿದ್ದ ನಾಯಿ ಕೂಡ ಬಾಲ ಅಲ್ಲಾಡಿಸುವುದನ್ನು ನಿಲ್ಲಿಸಿತು. ಇನ್ನು ಬಿಟ್ಟರೆ ಕಾಕ ಮಿಲ್ಲಿನ ಜೊತೆ ಮನೆಯನ್ನೂ ಕಳೆದುಕೊಳ್ಳುತ್ತಾರೆ ಎಂದು ನಾನೇ ಬಾಯಿ ಹಾಕಿದೆ.

"ಅಮೆರಿಕ ಸಾವ್ಕಾರ್ರೇ. ಕಾಕ ಅಮೆರಿಕಕ್ಕೆ ದೊಡ್ಡಮನೆ ಅಂತಾರೆ. ನಿಮ್ಮ ಸುದ್ದಿ ಅಲ್ಲ. ನಿಮ್ಮದು ನಮ್ಮ ದೊಡ್ಡಮನೆ."

"ಅಮೆರಿಕಕ್ಕೆ ದೊಡ್ಡಮನೆ ಅಂತ ಯಾವನಾದ್ರೂ ಅಂತಾನಾ? ನನ್ನ ಕಿವಿಗೆ ಹೂ ಇಡ್ತೀರಾ?"

"ಸುಳ್ಳಾದ್ರೆ ಅವರ ಬಾಯಲ್ಲೇ ಹೇಳಿಸಿ. ನಿಮಗೇ ಗೊತ್ತಾಗತ್ತೆ."

"ಹೇಳು" ಎಂದರು ಸಾಹುಕಾರರು. "ಅಮೆರಿಕಕ್ಕೆ ಏನಾಗಿದೆ, ಹೇಳು ನೋಡೋಣ."

ಹೇಳು ಎಂದರೆ ಸಾಕು, ಕಾಕನಿಗೆ ಭಯ ಹೋಯಿತು. ಅಭ್ಯಾಸಬಲ, ಮೆಷಿನ್ನು ಇಲ್ಲದಿದ್ದರೂ ಕಿರುಚಿಯೇ ಹೇಳಿದರು.

"ಏನಾಗಿದೆ ಅಂದ್ರೆ, ದೊಡ್ಡಸ್ತಿಕೆ ಜಾಸ್ತಿ ಆಗಿದೆ! ತನ್ನ ಬೇಲಿ ಬಿದ್ದು ಹೋಗಿದೆ, ಕಾವಲಿನವರನ್ನ ಮಾತ್ರ ಊರೋರ ಮನೆ ಬಾಗಿಲಲ್ಲಿ ನಿಲ್ಲಿಸ್ತಾರೆ!"

ಸಾಹುಕಾರರ ಮೀಸೆ ಅಲುಗಿತು. ಅವರ ಎಸ್ಟೇಟಿನ ವಾಚ್‌ಮನ್ ಆ ವರ್ಷವೆಲ್ಲ ಅವರ ಅಳಿಯನ ತೋಟದಲ್ಲಿದ್ದ. ಇಲ್ಲಿ ಆನೆ ಬಂದು ಬೇಲಿ ಮುರಿದು ಹೋಗಿತ್ತು.

"ಜಗಳ ಬಿಡಿಸ್ತೀನಿ ಅಂತ ಕರೆಯದೆ ಹೋಗ್ತಾರೆ. ಇಬ್ಬರ ಜಗಳ ಮೂವರದ್ದಾಗ್ತದೆ. ಸಾಕಾಯ್ತು ಅಂತ ಒಂದು ದಿನ ಎದ್ದು ಬಂದುಬಿಡ್ತಾರೆ, ನಂಬಿ ಜೊತೆಗೆ ನಿಂತವರು ಗಾಡಿ ಹಿಂದೆ ಓಡ್ಬೇಕು!"

ಬಾಗಿಲ ಪರದೆಯ ಹಿಂದೆ ಏನೋ ಸದ್ದಾಯಿತು.

"ಸಿಟ್ಟು ಬಂದ್ರೆ ಗೇಟು ಹಾಕ್ತಾರೆ. ಬೇರೆಯವರು ಬೇರೆ ದಾರಿ ಹುಡುಕ್ತಾರೆ. ಹೊಳೆ ಆಚೆ ಹೊಸದಾಗಿ ಇನ್ನೊಬ್ಬ ಅಂಗಡಿ ಇಟ್ಟಿದ್ದಾನೆ, ಚೀನಾದವನು, ಎಲ್ಲರೂ ಅಲ್ಲಿಗೇ. ಮೊದಲೆಲ್ಲ ಮದುವೆಗೆ ಮೊದಲ ಕರೆ ಇವರಿಗೆ. ಈಗ ಕರೀತಾರೆ, ಆದ್ರೆ ಊಟ ಆದಮೇಲೆ ಬಂದ್ರೂ ಪರವಾಗಿಲ್ಲ ಅಂತ!"

ಪರದೆಯ ಹಿಂದಿನ ಸದ್ದು ಈಗ ತಡೆಯಲಾಗದೆ ಹೊರಗೆ ಬಂತು. ಸಾಹುಕಾರರ ಹೆಂಡತಿ. ಸೆರಗನ್ನು ಬಾಯಿಗೆ ಒತ್ತಿಕೊಂಡು ನಗುತ್ತಿದ್ದರು, ಕಣ್ಣಲ್ಲಿ ನೀರು.

"ಅಮ್ಮಾ, ಯಾಕೆ ನಗ್ತೀರಿ? ಅಮೆರಿಕದ್ದು ನಗೋ ವಿಷಯ ಅಲ್ಲ" ಎಂದರು ಕಾಕ, ನಿಜವಾಗಿಯೂ ಬೇಜಾರಾಗಿ.

"ಕೇಳಿದ್ರಾ?" ಎಂದು ಅವರು ಗಂಡನಿಗೆ ಹೇಳಿದರು. "ನಾನು ಇಷ್ಟು ವರ್ಷದಿಂದ ಹೇಳಿದ್ದೆಲ್ಲ ಟೀವಿಯಲ್ಲಿ ಬರ್ತಾ ಇದೆಯಂತೆ!"

ಸೆಲ್ವಿ ಗೋಡೆ ಕಡೆ ತಿರುಗಿದಳು. ಬೆನ್ನು ಕುಲುಕುತ್ತಿತ್ತು. ನಾನು ನಗಲಿಲ್ಲ. ನಾನು ಸಾಹುಕಾರರನ್ನೇ ನೋಡುತ್ತಿದ್ದೆ. ಆ ಮನುಷ್ಯ ಈಗ ಕಾಕನನ್ನು ಎತ್ತಿ ಅಂಗಳಕ್ಕೆ ಎಸೆಯಬಹುದಿತ್ತು, ಇಲ್ಲವೇ ನಗಬಹುದಿತ್ತು. ಎರಡೂ ಮಾಡಲಿಲ್ಲ. ಅಂಗಳ ನೋಡುತ್ತ ಮೆಲ್ಲಗೆ ಕೇಳಿದರು.

"ಹಾಗಾದ್ರೆ ಅದು ಮುಳುಗತ್ತಾ?"

ಕಾಕ ಅಂದು ಒಂದೇ ಸಲ ದನಿ ತಗ್ಗಿಸಿದ್ದು. "ಮುಳುಗೋದು ಎಂತಕ್ಕೆ ಸಾವ್ಕಾರ್ರೇ? ಮುಳುಗೋದಕ್ಕೆ ಅದೇನು ದೋಣಿಯಾ? ಮಾಮೂಲು ಮನೆ ಆಗ್ತದೆ. ಅಷ್ಟೆ. ಮಾಮೂಲು ಮನೇಲಿ ಜನ ಇರೋದಿಲ್ವಾ? ನಾವೆಲ್ಲ ಇಲ್ವಾ? ನಾನು ಅವರ ಪಾತ್ರೆ ತೊಳೆದವನು, ಅವರು ಹಾಳಾಗ್ಲಿ ಅಂತ ನನಗೆ ಆಸೆ ಇಲ್ಲ. ಸ್ವಲ್ಪ ಸರಿದು ಕೂತ್ರೆ ಸಾಕು. ಬೆಂಚಲ್ಲಿ ಜಾಗ ಉಂಟು."

ಅಮ್ಮಾವರು ನಗು ನಿಲ್ಲಿಸಿ, "ಹೇಳಿಬಿಡಿ ಅತ್ಲಾಗೆ. ಊರಿಗೆ ಗೊತ್ತಾದ್ರೆ ಕತ್ತು ಕೊಯ್ತಾರಾ?" ಎಂದರು.

ಅಮ್ಮಾವರೇ ಹೇಳಿದರು. ಹೊಳೆ ಕಡೆಯ ಕೆಳಗಿನ ತೋಟ ಮಾರುವ ಮಾತು ನಡೆದಿತ್ತು. ಅದು ಗಂಡ ಹೆಂಡಿರಿಗೆ ಬಿಟ್ಟು ಮೂರನೆಯವರಿಗೆ ಗೊತ್ತಿರಲಿಲ್ಲ. ಮಿಲ್ಲಿನಲ್ಲಿ ಕೂಗಿ ಹೇಳುತ್ತಿದ್ದಾರೆ ಎಂದು ಡ್ರೈವರ್ ಬಂದು ಹೇಳಿದಾಗ ಸಾಹುಕಾರರು ಅವತ್ತು ರಾತ್ರಿ ಊಟವನ್ನೇ ಬಿಟ್ಟಿದ್ದರಂತೆ.

ಕೊನೆಗೆ ಸಾಹುಕಾರರು ಗಂಟಲು ಸರಿಮಾಡಿಕೊಂಡು ತೀರ್ಮಾನ ಕೊಟ್ಟರು. ಆ ಜಗಲಿಯಲ್ಲಿ ಅವರು ಕೊಟ್ಟ ಕೊನೆಯ ತೀರ್ಮಾನ ಅದೇ ಇರಬೇಕು. "ಮಿಲ್ಲು ಇರಲಿ. ಆದ್ರೆ ಆ ಹೆಸರು ಬೇಡ. ಅಮೆರಿಕಕ್ಕೆ ಬೇರೆ ಏನಾದ್ರೂ ಹೇಳ್ಕೊ."

"ಬೇರೆ ಎಂತ ಹೇಳೋದು ಸಾವ್ಕಾರ್ರೇ? ಚಿಕ್ಕಮನೆ ಅಂತ ಹೇಳ್ಲಾ?"

ಸೆಲ್ವಿಗೆ ಇನ್ನು ತಡೆಯಲಾಗಲಿಲ್ಲ. "ಅಯ್ಯೋ ಕಾಕಾ! ನಮ್ಮ ತಮಿಳಲ್ಲಿ ಚಿಕ್ಕಮನೆ, ಚಿನ್ನವೀಡು ಅಂದ್ರೆ ಏನು ಗೊತ್ತಾ? ಗಂಡಸರು ಕದ್ದು ಇಟ್ಕೊಂಡಿರೋ ಇನ್ನೊಂದು ಸಂಸಾರ! ಸಾವ್ಕಾರ್ರು ಮಿಲ್ಲಿನ ಹತ್ತಿರ ಬಂದಾಗ ನೀವು ಚಿಕ್ಕಮನೆ ಸುದ್ದಿ ಅಂತ ಕೂಗಿದ್ರೆ ಅಮ್ಮಾವ್ರು ಏನು ತಿಳ್ಕೊಬೇಕು?"

ಆಗ ಸಾಹುಕಾರರು ನಕ್ಕರು. ಮೀಸೆಯೆಲ್ಲ ಮೇಲೆ ಹೋಯಿತು. ಕಾಫಿ ಬಂತು. ತೀರ ನೀರು. ಎಸ್ಟೇಟಿನವರ ಮನೆಯ ಕಾಫಿ ಯಾವಾಗಲೂ ಹಾಗೇ, ಒಳ್ಳೆಯದನ್ನು ಮಾರಿಬಿಡುತ್ತಾರೆ.

ಹುತ್ತರಿ ಕಳೆದ ಮೇಲೆ ಒಂದು ದಿನ ನೋಡಿದರೆ ಗೇಟಿನ ತಂತಿ ಇರಲಿಲ್ಲ. ಯಾರು ಬಿಚ್ಚಿದರೆಂದು ಯಾರೂ ಕೇಳಲಿಲ್ಲ. ಕೆಳಗಿನ ತೋಟ ಮಾರಿಹೋಯಿತು, ಜೀಪು ಹೋಯಿತು, ಡ್ರೈವರ್ ಮೂರ್ನಾಡಿನಲ್ಲಿ ಆಟೋ ಓಡಿಸತೊಡಗಿದ. ಆಕಾಶ ಕಳಚಿ ಬೀಳಲಿಲ್ಲ.

ಒಂದು ಗುರುವಾರ ಸಾಹುಕಾರರು ತಾವೇ ಡಬ್ಬ ಹಿಡಿದುಕೊಂಡು ಒಳದಾರಿಯಲ್ಲಿ ನಡೆದು ಬಂದರು. ಬೆಂಚಿನಲ್ಲಿದ್ದವರೆಲ್ಲ ಕಾಕನನ್ನು ನೋಡಿದೆವು. ಕಾಕ ಡಬ್ಬ ತೆಗೆದುಕೊಂಡರು, ಮೆಷಿನ್ನಿನ ಬಾಯಿ ನೋಡಿದರು, ಸಾಲು ನೋಡಿದರು. ಆಮೇಲೆ ಹೋಗಿ ಸಾಲಿನ ಕೊನೆಯಲ್ಲಿಟ್ಟರು. ಸಾಹುಕಾರರು ಬೆಂಚಿನ ಕಡೆ ನೋಡಿದರು. ನಾನು ಸರಿದೆ. ಅವರು ಕೂತರು. ಬೆಂಚು ಕಿರ್ ಅಂತು, ಮುರಿಯಲಿಲ್ಲ.

ಅಲ್ಲಿಂದಾಚೆಗೆ ನಮ್ಮ ಗುರುವಾರಗಳು ಹಬ್ಬವಾದವು. ಯಾಕೆಂದರೆ ಸಾಹುಕಾರರು ಅಮೆರಿಕದ ಪಕ್ಷ. ಕಾಕ ಅಮೆರಿಕ ಮುಗೀತು ಎಂದರೆ ಅವರು ಮುಗಿದಿಲ್ಲ ಎನ್ನುವುದು. "ಅವರು ಚಂದ್ರನ ಮೇಲೆ ಹೋದವರು ಕಣೋ!" "ಹೋದ್ರು, ಅಲ್ಲೂ ಬಾವುಟ ಒಂದು ನೆಟ್ಟು ಬಿಟ್ಟು ಬಂದ್ರು, ನೋಡ್ಕೊಳ್ಳೋಕೆ ಯಾರು ಇದ್ದಾರೆ?" ಇಬ್ಬರೂ ಮೆಷಿನ್ನಿಗಿಂತ ಜೋರು. ನಮ್ಮ ಹಿಟ್ಟು ಸುಟ್ಟ ವಾಸನೆ ಬರುವವರೆಗೂ ಕಾಕನಿಗೆ ನೆನಪಾಗುತ್ತಿರಲಿಲ್ಲ. ಕರಿ ಹಿಟ್ಟಿನ ರೊಟ್ಟಿ ತಿಂದು ಗಂಡಸರಿಂದ ಬೈಗುಳ ಕೇಳಿದ್ದೇವೆ. ಅದಕ್ಕೆ ಅಮೆರಿಕವೇ ಕಾರಣ ಎಂದು ಅವರಿಗೆ ಹೇಗೆ ತಿಳಿಸುವುದು?

ಭಾನುವಾರ ಕಣ್ಣೂರಿನಿಂದ ಅಳಿಯ ಕಾರು ತಂದಿದ್ದ. ನಾವೆಲ್ಲ ಮಿಲ್ಲಿನ ಮುಂದೆ ನಿಂತಿದ್ದೆವು. ಕಾಕನ ಮುಖ ಮತ್ತೆ ತೊಳೆದಿತ್ತು. ಅವರನ್ನು ಹಿಡಿದು ಕೂರಿಸಿ ಬಾಗಿಲು ಹಾಕಿದ ಮೇಲೆ ಗಾಜು ಇಳಿಸಿದರು. ಏನೋ ದೊಡ್ಡ ಮಾತು ಹೇಳುತ್ತಾರೆಂದು ಸೆಲ್ವಿ ಮೂಗು ಒರೆಸಿಕೊಳ್ಳಲು ಸಿದ್ಧವಾಗಿದ್ದಳು.

"ಅಕ್ಕಾ, ಅಮೆರಿಕನ ಸ್ವಲ್ಪ ನೋಡ್ಕೊಳ್ಳಿ. ಇವರ ಕೈಗೆ ಬಿಟ್ರೆ ಕಷ್ಟ" ಎಂದು ಸಾಹುಕಾರರ ಕಡೆ ಗಲ್ಲ ಎತ್ತಿ ತೋರಿಸಿದರು. ಕಾರು ಹೊರಟಿತು.

ಗುರುವಾರದವರೆಗೆ ನಾನು ಕಾಯಲಿಲ್ಲ. ಮಾರನೆ ದಿನ ಬೆಳಿಗ್ಗೆಯೇ ಮನೆಯಲ್ಲಿದ್ದ ಅಕ್ಕಿ ತೊಳೆದು, ಬಟ್ಟೆಯ ಮೇಲೆ ಆರಹಾಕಿ, ಸಾಕಷ್ಟು ಆರುವ ಮೊದಲೇ ಡಬ್ಬಕ್ಕೆ ತುಂಬಿ ಹೋದೆ. ಕಾಕನ ಮಗಳು ಸ್ವಿಚ್ಚಿನ ಹತ್ತಿರ ನಿಂತಿದ್ದಳು, ಕಿವಿಯಲ್ಲಿ ಫೋನಿನ ವಯರು. ಕೆಲಸ ಅಪ್ಪನಿಗಿಂತ ಚುರುಕು, ಮಾತಿಲ್ಲ. ಸಾಹುಕಾರರು ಬೆಂಚಿನ ತುದಿಯಲ್ಲಿ ಕೂತಿದ್ದರು. ಮಡಿಲಲ್ಲಿ ಪೇಪರು. ಅವರದೂ ಗುರುವಾರವೇ, ಆದರೆ ನಾನು ಕೇಳಲಿಲ್ಲ. ಅವರೂ ಕೇಳಲಿಲ್ಲ.

"ಏನಂತೆ ಸಾವ್ಕಾರ್ರೇ ಅಮೆರಿಕ?" ಎಂದೆ.

ಅವರು ಪೇಪರು ಬಿಡಿಸಿ, ಕನ್ನಡಕ ಸರಿಮಾಡಿಕೊಂಡು, "ಗಟ್ಟಿಯಾಗಿದೆ ಅಕ್ಕ, ಏನೂ ಆಗಿಲ್ಲ" ಎಂದರು.

ಅಷ್ಟರಲ್ಲಿ ಮಗಳು ಸ್ವಿಚ್ಚು ಒತ್ತಿದಳು. ಮೆಷಿನ್ನು ಭೋರೆಂದಿತು. ನಾನು ಸೆರಗು ಬಿಗಿದುಕೊಂಡು, ಅವರ ಕಿವಿಯ ಹತ್ತಿರ ಸರಿದು, ಇದ್ದ ಶಕ್ತಿಯನ್ನೆಲ್ಲ ಹಾಕಿ ಕಿರುಚಿದೆ:

"ಯಾರ್ರೀ ಹೇಳಿದ್ದು ನಿಮಗೆ? ಮುಗೀತು ಅದರ ಕಾಲ!"